ಮೆತ್ತನೆಯ ರೊಟ್ಟಿಯಷ್ಟು ದೂರ

ಕೋಲ್ಕತ್ತಾದ ತನ್ನ ಮನೆಯಲ್ಲಿ ಅಕ್ಕ ನನ್ನ ಬುತ್ತಿ ಬಿಚ್ಚಿ, ರೊಟ್ಟಿಯನ್ನು ಬೆರಳಿನಿಂದ ಒತ್ತಿ ನೋಡಿದಳು. "ತಮ್ಮಾ, ಇವು ಇನ್ನಾ ಮೆತ್ತಗ ಅದಾವಲ್ಲೋ! ನಿನ್ನ ಮೂರು ದಿನದ ಹಾದಿ ಎಲ್ಲಿ ಹೋತು?" ಎಂದು ನಕ್ಕಳು.

ನಮ್ಮ ಅಕ್ಕಲಕೋಟದ ಕಡೆ ದೂರದ ಪ್ರಯಾಣಕ್ಕೆ ದಿನಗಟ್ಟಲೆ ಕೆಡದ ಖಡಕ್ ರೊಟ್ಟಿ, ಹತ್ತಿರದ ಊರಿಗೆ ಮೆತ್ತನೆಯದನ್ನು ಕಟ್ಟುತ್ತಾರೆ. ಸೊಲ್ಲಾಪುರದ ನನ್ನ ಅಂಗಡಿ ಬಿಡಲು ಮನಸ್ಸಿಲ್ಲದೆ ನಾನು, ಅಕ್ಕ ಕರೆದಾಗಲೆಲ್ಲ "ಮೂರು ದಿನದ ಹಾದಿ" ಎಂದು ತಪ್ಪಿಸಿಕೊಳ್ಳುತ್ತಿದ್ದೆ. ಅವಳ ಗಂಡ ತೀರಿಕೊಂಡಾಗಲೂ ಅದನ್ನೇ ಹೇಳಿದ್ದೆ. ಪುಣೆಯಿಂದ ವಿಮಾನ ಹಿಡಿದರೆ ಎರಡೂವರೆ ತಾಸು. ಈ ಸಲ ಹಾಗೇ ಬಂದೆ; ಕಿಟಕಿಯಾಚೆ ಹಿಂಜಿದ ಅರಳೆಯಂಥ ಮೋಡಗಳನ್ನು ನೋಡುತ್ತ ಕನಸಿನಲ್ಲಿದ್ದಂತೆ ಕುಳಿತಿದ್ದೆ. ಅಷ್ಟರಲ್ಲೇ ಅಕ್ಕನ ಊರು ಬಂದಿತ್ತು.

ಊರಿಗೆ ಮರಳಿದ ಮೇಲೆ ಈಗ ಅಂಗಡಿಯ ಮೇಲೆ ವಿಮಾನ ಹಾದರೆ ತಲೆ ಎತ್ತಿ ನೋಡುತ್ತೇನೆ. ಅಲ್ಲಿಂದ ಹೊರಟ ದಿನ ಅಕ್ಕನೂ ನನಗೆ ಮೆತ್ತನೆಯ ರೊಟ್ಟಿಯನ್ನೇ ಕಟ್ಟಿಕೊಟ್ಟಿದ್ದಳು.