ಭೂತಮ್ಮನ ಬಿಸಿನೀರಿನ ಐಸು

ಬೆಳಗಿನ ಐದು ಗಂಟೆ. ಮಾಯಸಂದ್ರದ ಬಸ್ ನಿಲ್ದಾಣದೆದುರಿನ ಟೀ ಅಂಗಡಿಯ ಹಿಂಬದಿ ಕೋಣೆಯಲ್ಲಿ ಭೂತಮ್ಮ ಫ್ರೀಜರಿನ ಮುಚ್ಚಳ ಎತ್ತಿ, ಒಳಗಿನ ಸ್ಟೀಲ್ ಡಬ್ಬಗಳನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾರೆ. ಗಟ್ಟಿಯಾದ ಡಬ್ಬದ್ದು ಒಂದು ಸದ್ದು, ನಡುವೆ ನೀರು ಉಳಿದದ್ದರದು ಇನ್ನೊಂದು.

ಏಳು ಗಂಟೆಗೆ ಇಪ್ಪತ್ನಾಲ್ಕು ಡಬ್ಬ ಐಸು ಸಿದ್ಧವಿರಬೇಕು. ಕೆರೆ ಮೀನನ್ನು ಮೊಪೆಡ್ಡಿನಲ್ಲಿ ಊರೂರಿಗೆ ಒಯ್ಯುವವರು ಕಾಯುತ್ತಾರೆ. ಐಸು ಸರಿಯಿಲ್ಲದಿದ್ದರೆ ಮಧ್ಯಾಹ್ನಕ್ಕೆ ಮೀನು ಕೆಡುತ್ತದೆ.

"ಏನ್ ಭೂತಮ್ಮಾ, ಇವತ್ತು ಐಸೋ ತೀರ್ಥವೋ?" ಮೀನಿನ ಚಿಕ್ಕಹನುಮಯ್ಯ ದಿನವೂ ಛೇಡಿಸುತ್ತಾರೆ.

"ತೀರ್ಥ ಬೇಕಾದ್ರೆ ಗುಡೀಗೋಗಯ್ಯ."

ಅವರೆಲ್ಲ ಹೋದ ಮೇಲೆ ಸಂಜೆಯವರೆಗೆ ಆ ಕೋಣೆಗೆ ಯಾರೂ ಬರುವುದಿಲ್ಲ. ಅರವತ್ತೆರಡರ ಭೂತಮ್ಮನಿಗೆ ಮನೆಯಲ್ಲೂ ಯಾರೂ ಇಲ್ಲ.

ಹನ್ನೊಂದು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸತು. ಒಂದು ಸಂಜೆ ಟೀ ಒಲೆಯ ಮೇಲೆ ಉಳಿದ ಬಿಸಿನೀರನ್ನು ಚೆಲ್ಲಲು ಮನಸ್ಸಾಗದೆ ಒಂದು ಡಬ್ಬಕ್ಕೆ ತುಂಬಿಟ್ಟರು. ಬೆಳಿಗ್ಗೆ ಅದು ಕಲ್ಲಾಗಿತ್ತು. ಅಕ್ಕಪಕ್ಕದ ತಣ್ಣೀರಿನ ಡಬ್ಬಗಳಲ್ಲಿ ಇನ್ನೂ ನೀರಿತ್ತು. ಅಂಗಡಿಯ ಯಜಮಾನ ಕಲ್ಲೇಶ್ ಅವರಿಗೆ ಹೇಳಿದರೆ, "ಯಾರ ಮುಂದೂ ಅನ್ಬ್ಯಾಡ ಕಣಮ್ಮ, ನಗ್ತಾರೆ" ಎಂದರಂತೆ. ಆಮೇಲೆ ಭೂತಮ್ಮ ಯಾರಿಗೂ ಹೇಳಲಿಲ್ಲ. ನೋಡುವುದನ್ನು ಮಾತ್ರ ಬಿಡಲಿಲ್ಲ.

"ಒಂದಿನ ಫ್ರೀಜರ್ ತಳದ ಮಂಜನ್ನೆಲ್ಲ ಕೆರೆದಾಕಿದ್ದೆ. ಅವತ್ತು ಬಿಸಿನೀರು ಗೆಲ್ಲಲಿಲ್ಲ. ಆಗ ತಿಳೀತು. ಆ ಮಂಜು ಕಂಬ್ಳಿ ಇದ್ದಂಗೆ ಕಣ್ರೀ, ಚಳಿ ಡಬ್ಬಕ್ಕೆ ತಾಕಾಕೆ ಬುಡಲ್ಲ. ಬಿಸಿ ಡಬ್ಬ ಅದನ್ನ ಕರಗಿಸ್ಕಂಡು ಕೆಳಗಿನ ತಗಡಿಗೆ ಅಂಟ್ಕತದೆ. ತಣ್ಣಗಿರೋದು ಕಂಬ್ಳಿ ಮ್ಯಾಲೇ ಕೂತಿರ್ತದೆ" ಎಂದು ಭೂತಮ್ಮ ನನಗೆ ವಿವರಿಸಿದರು.

ಬಿಸಿನೀರು ಎಲ್ಲ ಕಡೆ, ಎಲ್ಲ ಸಲವೂ ಹೀಗೆ ಬೇಗ ಗಟ್ಟಿಯಾಗುವುದಿಲ್ಲ. ಏಕೆಂಬುದರ ಬಗ್ಗೆ ಓದಿದವರಲ್ಲೇ ಒಮ್ಮತವಿಲ್ಲ. ಈ ಫ್ರೀಜರಿನ ಮಟ್ಟಿಗೆ ಭೂತಮ್ಮನಿಗೆ ಅನುಮಾನವಿಲ್ಲ. ಅಂದಿನಿಂದ ತಳದ ಸಾಲಿಗೆ ಬಿಸಿನೀರೇ.

ಬರುವ ಸೋಮವಾರ ಹೊಸ ಫ್ರೀಜರ್ ಬರುತ್ತಿದೆ. ಅದರಲ್ಲಿ ಮಂಜೇ ಕಟ್ಟುವುದಿಲ್ಲವಂತೆ. ಇಷ್ಟು ವರ್ಷ ಒಬ್ಬರೇ ನೋಡಿ ನೋಡಿ ಕಲಿತದ್ದಕ್ಕೆ ಇನ್ನು ಅಲ್ಲಿ ಕೆಲಸವಿಲ್ಲ. ಯಾರಿಗೂ ಗೊತ್ತಿರದ ಆ ತಿಳಿವಳಿಕೆ ಇಲ್ಲವಾದದ್ದೂ ಯಾರಿಗೂ ಗೊತ್ತಾಗುವುದಿಲ್ಲ.

ಭೂತಮ್ಮ ಖಾಲಿ ಡಬ್ಬಗಳನ್ನು ತೊಳೆದು ಬೋರಲು ಹಾಕುತ್ತಾರೆ.

"ಹೊಸದರ ಗುಣವೇ ಬ್ಯಾರೆ ಇರ್ತದೆ. ಒಂದರಲ್ಲಿ ಬಿಸಿ, ಒಂದರಲ್ಲಿ ತಣ್ಣೀರು ಇಕ್ಕಿ ನೋಡ್ತೀನಿ. ಕಲ್ಲೇಶಪ್ಪಂಗೆ ಹೇಳಲ್ಲ."

ಗೊತ್ತಾದ ಮೇಲೆ ಇನ್ಯಾರಿಗೆ ಹೇಳುತ್ತೀರಿ ಎಂದು ಕೇಳಿದೆ. ಅವರು ಸೆರಗಿನಲ್ಲಿ ಕೈ ಒರೆಸಿಕೊಂಡರು.

"ಮೊದ್ಲು ಗೊತ್ತಾಗ್ಲಿ ಬುಡ್ರಮ್ಮ."