ಜಪಾನಿನಿಂದ ಒಂದು ರಿಂಗ್

ತಪ್ಪು ನನ್ನದೇ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದೆ ಕೊಚ್ಚಿಕೊಳ್ಳಲು ಜಾಗ ಸಿಗುತ್ತದೆ. ಜಪಾನಿನಲ್ಲಿ ನಿಂತು ನಾಲ್ಕು ದಿನ ನಾನು ನನ್ನ ಹೆತ್ತ ತಾಯಿಗೆ 'ನಾನು ನಿನ್ನ ಮಗ' ಎಂದು ನಂಬಿಸಲು ಒದ್ದಾಡಿದ್ದಕ್ಕೆ ಕಾರಣ ಆ ದೇಶವೂ ಅಲ್ಲ, ಅಲ್ಲಿಯ ನೆಟ್‌ವರ್ಕೂ ಅಲ್ಲ. ನನ್ನ ಗಂಟಲು.

ನಾನು ಹುಟ್ಟಾ ಅಣಕ ಮಾಡುವವನು. ಬೈಂದೂರು–ಕುಂದಾಪುರ ಬಸ್ಸಿನ ಕಂಡಕ್ಟರು ಮೂಗಿನಲ್ಲಿ ಊರಿನ ಹೆಸರು ಕೂಗುವುದು, ಮಾತಿಗೆ ಮೊದಲು ನಮ್ಮ ದೊಡ್ಡಪ್ಪ ಮೂರು ಸಲ ಕೆಮ್ಮುವುದು, ಕಿರಾಣಿ ಅಂಗಡಿಯವರು 'ಇಲ್ಲ' ಎನ್ನುವ ಮೊದಲು ಬೆಲ್ಲದ ಡಬ್ಬದ ಕಡೆ ನೋಡಿ ನಿಟ್ಟುಸಿರು ಬಿಡುವುದು, ಎಲ್ಲವೂ ನನ್ನ ಗಂಟಲಿನಲ್ಲಿ ಬಾಡಿಗೆಗಿದ್ದವು. ನನ್ನ ಗೊರಕೆಯನ್ನೂ ಬಿಟ್ಟಿರಲಿಲ್ಲ. ಯಾರೋ ರೆಕಾರ್ಡ್ ಮಾಡಿ ಕೇಳಿಸಿದ ಮೇಲೆ ಅದನ್ನೂ ಕಲಿತು, ಎಚ್ಚರವಿದ್ದಾಗಲೂ ಹೊಡೆಯುತ್ತಿದ್ದೆ.

ಅಮ್ಮ ಮೀನು ಮಾರುವವಳು. ತಲೆಯ ಮೇಲೆ ಬುಟ್ಟಿ, ಬಾಯಲ್ಲಿ ಒಂದೇ ಮಂತ್ರ: "ಬೆಳಿಗ್ಗೆ ನಾನೇ ತಿಂದ್ ಬಂದ ಮೀನ್ ಇದ್." ಅದು ಸುಳ್ಳಲ್ಲ. ಬುಟ್ಟಿಯಿಂದ ಎರಡು ಮೀನು ತೆಗೆದು, ಸಾರು ಮಾಡಿ ಉಂಡೇ ಅವಳು ಹೊರಡುತ್ತಿದ್ದದ್ದು. ಇಂಥವಳಿಗೆ ನಾನು ಒಂದು ದಿನ ಗೆಳೆಯನ ಫೋನಿನಿಂದ ಪಂಚಾಯ್ತಿ ಕಾರ್ಯದರ್ಶಿಗಳ ದನಿಯಲ್ಲಿ ಕರೆ ಮಾಡಿದೆ. ಮೀನಿನ ಬುಟ್ಟಿಗೂ ಇನ್ನು ಲೈಸೆನ್ಸ್ ಬೇಕು, ಬುಟ್ಟಿ ಸಮೇತ ಆಫೀಸಿಗೆ ಬರಬೇಕು ಅಂದೆ. ಅವಳು ಬಿಸಿಲಿನಲ್ಲಿ ನಡೆದು ಹೋಗಿ, ಬುಟ್ಟಿ ತುಂಬ ಬಂಗುಡೆ ಹೊತ್ತು ಆಫೀಸಿನ ಬಾಗಿಲಲ್ಲಿ ನಿಂತಳು. ಅಸಲಿ ಕಾರ್ಯದರ್ಶಿಗಳು ಕಕ್ಕಾಬಿಕ್ಕಿಯಾಗಿ, ಲೈಸೆನ್ಸ್ ಬೇಡ, ಒಂದು ಕಿಲೋ ಬಂಗುಡೆ ಕೊಡಿ ಎಂದರಂತೆ.

ಸಂಜೆ ಮನೆಗೆ ಬಂದವಳು ಕೂಗಾಡಲಿಲ್ಲ. ಬುಟ್ಟಿ ಇಳಿಸಿ ನನ್ನ ಮುಖ ನೋಡಿ ಹೇಳಿದಳು: "ಇನ್ನ್ ಮೇಲೆ ಫೋನಗೆ ದೇವ್ರೇ ಬಂದ್ ಮಾತಾಡ್ರೂ ನಾನ್ ನಂಬುದಿಲ್ಲೆ."

ಆಗ ನಗು ಬಂದಿತ್ತು. ಅದು ಶಾಪ ಎಂದು ಗೊತ್ತಾದದ್ದು ಆಮೇಲೆ.

ಆಗ ನಾನು ಮೀನನ್ನು ಅರೆದು ಮುದ್ದೆ ಮಾಡಿ ಹೊರದೇಶಕ್ಕೆ ಕಳಿಸುವ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಮಾಲೀಕರು ಜಪಾನಿನಿಂದ ಹೊಸ ಯಂತ್ರ ತರಿಸುವವರಿದ್ದರು. ಅದನ್ನು ನಡೆಸಲು ಕಲಿತು ಬನ್ನಿ ಎಂದು ಮೂವರನ್ನು ಹದಿನೈದು ದಿನಕ್ಕೆ ಅಲ್ಲಿಗೆ ಕಳಿಸಿದರು. ಬ್ರಹ್ಮಾವರದ ಇಂಜಿನಿಯರ್ ಒಬ್ಬರು, ಅಮಾಸೆಬೈಲಿನ ಎಲೆಕ್ಟ್ರಿಷಿಯನ್ ಅಣ್ಣ ಒಬ್ಬ, ಜೊತೆಗೆ ನಾನು. ಸುದ್ದಿ ಕೇಳಿದ ಅಮ್ಮ, "ಮೀನ್ ಅರೆಯುಕೆ ಜಪಾನಿಗ್ ಹೋಯ್ಕಾ? ಮನೆ ಕಲ್ಲಗೆ ಅರೆಯುಕಾತಿಲ್ಯಾ?" ಎಂದಳು. ಅಷ್ಟು ಹೇಳಿ ಅಡುಗೆಮನೆಗೆ ಹೋಗಿ ಬಹಳ ಹೊತ್ತು ಪಾತ್ರೆ ತೊಳೆದಳು.

ಹೊರಡುವ ದಿನ ಒಪ್ಪಂದವಾಯಿತು. ನಮ್ಮ ಮನೆಯಲ್ಲಿ ಮಿಸ್ ಕಾಲ್‌ಗೊಂದು ಕಾನೂನಿತ್ತು. ಒಂದು ರಿಂಗ್ ಅಂದರೆ ಮುಟ್ಟಿದೆ. ಎರಡು ರಿಂಗ್ ಅಂದರೆ ಬಸ್ಸು ಸಿಗಲಿಲ್ಲ, ತಡ. ಮೂರು ಅಂದರೆ ಮಾತಾಡುವುದಿದೆ, ಎತ್ತು. ಅಮ್ಮನದು ಗುಂಡಿ ಒತ್ತುವ ಸಣ್ಣ ಫೋನು. ಹೆಸರು ಓದಲು ಬರದಿದ್ದರೂ ನನ್ನ ನಂಬರನ್ನು ಅವಳು ಗುರುತು ಹಿಡಿಯುತ್ತಿದ್ದಳು. ಕೊನೆಗೆ ಎರಡು ಸೊನ್ನೆ, ಅವಳ ಲೆಕ್ಕದಲ್ಲಿ ಎರಡು ಮೊಟ್ಟೆ.

"ಮುಟ್ಟಿದ ಕೂಡ್ಲೆ ಒಂದ್ ರಿಂಗ್ ಕೊಡ್ತೆ ಅಮ್ಮ. ಎತ್ತುಕಾಗ," ಎಂದೆ.

"ಎರಡ್ ಮೊಟ್ಟಿ ಕಾಂಬಲ್ಲಿವರೆಗೆ ನಾನ್ ಮೀನ್ ಬಾಯಿಗ್ ಹಾಕುದಿಲ್ಲೆ," ಎಂದಳು.

ನಾನು ಕಡಲು ಹಾರಿ ಹೋಗುವವನಂತೆ ಎದೆ ಉಬ್ಬಿಸಿ ಹೊರಟೆ. ಅವಳ ಮಾತಿನ ಅರ್ಥ ನನಗೆ ಆಗ ಹೊಳೆಯಲಿಲ್ಲ. ಮೀನು ತಿನ್ನದಿದ್ದರೆ 'ನಾನೇ ತಿಂದ್ ಬಂದ ಮೀನ್' ಎನ್ನುವಂತಿಲ್ಲ. ಆ ಮಾತಿಲ್ಲದೆ ಅವಳ ವ್ಯಾಪಾರವಿಲ್ಲ.

ನೆಟ್ಟಿನ ವಿಷಯದಲ್ಲಿ ನಾನೇ ಮಂತ್ರಿ ಎಂದು ಇಬ್ಬರಿಗೂ ಮೊದಲೇ ಹೇಳಿಟ್ಟಿದ್ದೆ. ವಿಮಾನ ಇಳಿದ ತಕ್ಷಣ ಮೂವರ ಫೋನೂ ಸತ್ತವು. ನಮ್ಮ ಸಿಮ್ಮಿಗೆ ಹೊರದೇಶದಲ್ಲಿ ಜೀವ ಬರಬೇಕಾದರೆ ಊರಿನಲ್ಲೇ ಅಂಗಡಿಗೆ ಹೋಗಿ ಹೇಳಿ ಬರಬೇಕಿತ್ತಂತೆ. ಮಂತ್ರಿಗೆ ಗೊತ್ತಿರಲಿಲ್ಲ. ಪರವಾಗಿಲ್ಲ ಎಂದು ವಿಮಾನ ನಿಲ್ದಾಣದಲ್ಲೇ ಸಿಮ್ ಮಾರುವ ಕೌಂಟರಿಗೆ ನುಗ್ಗಿದೆ. ಅಲ್ಲಿದ್ದ ಹುಡುಗಿ ಬಾಗಿ ನಮಸ್ಕರಿಸಿ ಒಂದು ಸಿಮ್ ತೋರಿಸಿದಳು. "ಡೇಟಾ," ಎಂದಳು. ನಾನು "ಕಾಲ್?" ಎಂದೆ. ಅವಳು ಎರಡೂ ಮುಂಗೈಗಳನ್ನು ಎದೆಯ ಮುಂದೆ ಅಡ್ಡಡ್ಡ ಹಿಡಿದಳು.

ಅಣಕ ಮಾಡುವವನ ಕೈ ಸುಮ್ಮನಿರುತ್ತದೆಯೇ? ಇದು ಈ ಕಡೆಯ ಇನ್ನೊಂದು ನಮಸ್ಕಾರವಿರಬೇಕು ಎಂದು ನಾನೂ ಎರಡೂ ಕೈ ಅಡ್ಡ ಹಿಡಿದು ಬಾಗಿದೆ. ನನ್ನನ್ನು ನೋಡಿ ಇಂಜಿನಿಯರ್ ಬಾಗಿದರು. ಅವರನ್ನು ನೋಡಿ ಎಲೆಕ್ಟ್ರಿಷಿಯನ್ ಅಣ್ಣ ಬಾಗಿದ. ಹುಡುಗಿ ಗಾಬರಿಯಾಗಿ ಇನ್ನೊಮ್ಮೆ ಕೈ ಅಡ್ಡ ಹಿಡಿದಳು. ನಾವು ಮೂವರೂ ಇನ್ನೊಮ್ಮೆ. ಹೀಗೆ ಅಪಾರ ಗೌರವದೊಂದಿಗೆ ಸಿಮ್ ಖರೀದಿಯಾಯಿತು.

ಈಗ ಸಿಮ್ ಹಾಕಲು ಫೋನಿನ ಸಣ್ಣ ತೂತಿಗೆ ಚುಚ್ಚುವ ಕಡ್ಡಿ ಬೇಕು. ಕೊಟ್ಟಿದ್ದ ಕಡ್ಡಿಯನ್ನು ಮಂತ್ರಿಗಳು ಆಗಲೇ ಕಳೆದಿದ್ದರು. ಇಂಜಿನಿಯರ್ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಎಲೆಕ್ಟ್ರಿಷಿಯನ್ ಅಣ್ಣ ಶರ್ಟ್ ಎತ್ತಿದ.

"ಹ್ವಾಯ್, ಪಿನ್ನ್ ಸಾಕಾ? ನನ್ನ ಉಡ್ದಾರದಗೆ ಇತ್ತ್."

ಸೊಂಟದ ದಾರದಲ್ಲಿ ಸದಾ ಒಂದು ಪಿನ್ನು ಸಿಕ್ಕಿಸಿಕೊಳ್ಳುವ ನಮ್ಮೂರಿನ ಅಭ್ಯಾಸ ಜಪಾನಿನಲ್ಲಿ ಇಂಟರ್ನೆಟ್ಟಿನ ಬಾಗಿಲು ತೆರೆಯಿತು. ಅಲ್ಲೇ ಇದ್ದ ಬಿಟ್ಟಿ ವೈಫೈ ಹಿಡಿದು ಏನೇನೋ ಒತ್ತಿ ಒಪ್ಪಿ ಮುಗಿಸಿದೆ. ಪರದೆಯ ಮೇಲೆ ನಾಲ್ಕು ಗೆರೆ ಎದ್ದು ನಿಂತವು. ನಾನು ಕಂಡಕ್ಟರನ ದನಿಯಲ್ಲಿ "ರೈಟ್, ಹೋಯ್ಲಿ!" ಎಂದೆ. ನಕ್ಷೆ ಮಾತಾಡತೊಡಗಿತು. ಎಡಕ್ಕೆ ತಿರುಗಿ ಅಂದರೆ ಎಡಕ್ಕೆ, ಮೂರನೇ ಪ್ಲಾಟ್‌ಫಾರಂ ಅಂದರೆ ಮೂರನೆಯದೇ. ನನ್ನ ಫೋನಿನಿಂದ ಉಳಿದ ಇಬ್ಬರಿಗೂ ನೆಟ್ ಹಂಚುತ್ತಿದ್ದೆನಾದ್ದರಿಂದ, ನಾನು ನಾಲ್ಕು ಹೆಜ್ಜೆ ಮುಂದೆ ಹೋದರೆ ಅವರೂ ಕೋಳಿಮರಿಗಳ ಹಾಗೆ ಓಡಿಬರುತ್ತಿದ್ದರು. ಅಷ್ಟು ಮರ್ಯಾದೆ ನನಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ.

ರೈಲು ಹತ್ತಿ ಕುಳಿತ ಮೇಲೆ ಅಮ್ಮನಿಗೆ ಒಂದು ರಿಂಗ್ ಕೊಡೋಣ ಎಂದು ನಂಬರ್ ಒತ್ತಿದೆ. ಹೋಗಲಿಲ್ಲ. ಮತ್ತೆ ಒತ್ತಿದೆ. ಆಗ ಆ ಹುಡುಗಿಯ ಅಡ್ಡ ಕೈ ನೆನಪಾಯಿತು. ಅದು ನಮಸ್ಕಾರವಲ್ಲ, 'ಇಲ್ಲ' ಎಂಬ ಸನ್ನೆ. ಈ ಸಿಮ್ಮಿನಲ್ಲಿ ನೆಟ್ ಮಾತ್ರ, ಕರೆ ಇಲ್ಲ. ಸಿನಿಮಾ ನೋಡಬಹುದು, ದಾರಿ ಕೇಳಬಹುದು, ಆದರೆ ನಮ್ಮ ಮನೆಗೆ ಬೇಕಾದ ಒಂದೇ ಒಂದು ರಿಂಗ್ ಇಲ್ಲ.

ಇಂಜಿನಿಯರ್ ನಕ್ಕರು. "ಎಂತ ಮಾರಾಯ, ಅಷ್ಟಕ್ಕೆ ಎಂತಕ್ಕೆ ಮುಖ ಸಣ್ಣ ಮಾಡ್ತೆ? ನನ್ನ ಹೆಂಡ್ತಿಗೆ ಮೆಸೇಜ್ ಹಾಕ್ತೆ. ಅವ್ಳ್ ನಿನ್ನ ಅಮ್ಮಂಗೆ ಫೋನ್ ಮಾಡಿ ಹೇಳ್ಲಿ."

ಮಾರನೆಯ ದಿನ ಬ್ರಹ್ಮಾವರದಿಂದ ಉತ್ತರ ಬಂತು. ಇಂಜಿನಿಯರರ ಹೆಂಡತಿ ಕರೆ ಮಾಡಿ, ನಿಮ್ಮ ಮಗ ಸುಖವಾಗಿ ಮುಟ್ಟಿದ್ದಾನೆ ಎಂದರಂತೆ. ಅಮ್ಮ ಪೂರ್ತಿ ಕೇಳಿಸಿಕೊಂಡು, "ಅವ ಹೋಪತ್ತಿಗೇ ನಿಮಗೆ ಹೇಳಿಟ್ಟ್ ಹೋಯಿರ್ತ ಅಮ್ಮ. ನಂಗೆ ಬೇಜಾರ್ ಆಪ್ಕಾಗ ಅಂದೇಳಿ. ಅವ್ನ ಆಟ ನಂಗ್ ಗೊತ್ತಿತ್ತ್. ಎರಡ್ ಮೊಟ್ಟಿ ಬರ್ಲಿ," ಎಂದು ಇಟ್ಟಳಂತೆ.

ಮೂರನೆಯ ದಿನ ನೆಟ್ಟಿನಿಂದಲೇ ಸಾದಾ ಫೋನಿಗೆ ಕರೆ ಮಾಡುವ ಒಂದು ಆ್ಯಪ್ ಹುಡುಕಿದೆ. ಗೆದ್ದೆ ಎಂದುಕೊಂಡು ಒಂದು ರಿಂಗ್ ಕೊಟ್ಟು ಇಟ್ಟೆ. ಮತ್ತೊಮ್ಮೆ ಕೊಟ್ಟೆ. ಅವಳ ಫೋನಿನಲ್ಲಿ ಬಿದ್ದದ್ದು ಯಾವುದೋ ಉದ್ದನೆಯ ನಂಬರ್, ಕೊನೆಗೆ ಮೊಟ್ಟೆಯೂ ಇಲ್ಲ, ಮರಿಯೂ ಇಲ್ಲ. ಪಾಪ ಇಂಜಿನಿಯರರ ಹೆಂಡತಿ ಮತ್ತೆ ವಿಚಾರಿಸಿದಾಗ ಅಮ್ಮ, "ಯಾರೋ ಪೋಕ್ರಿ ಸುಮ್ಸುಮ್ನೆ ರಿಂಗ್ ಕೊಡ್ತಾ ಇದ್ದ," ಎಂದಿದ್ದಳು. ಜೊತೆಗೆ ಇನ್ನೊಂದು ಸುದ್ದಿಯೂ ಬಂತು. ಅಮ್ಮ ಬುಟ್ಟಿ ಹೊತ್ತು ಹೋಗುತ್ತಿದ್ದಾಳಂತೆ, ಆದರೆ ಕೂಗುತ್ತಿಲ್ಲವಂತೆ. ಇದು ತಾಜಾ ಹೌದಾ ಎಂದು ಯಾರಾದರೂ ಕೇಳಿದರೆ, "ಹೌದ್ ಅಂತ್ರ್," ಎನ್ನುತ್ತಾಳಂತೆ. ಅರ್ಧ ಬುಟ್ಟಿ ಹಾಗೇ ವಾಪಸು ಬರುತ್ತಿದೆಯಂತೆ.

ಆ ರಾತ್ರಿ ಊಟಕ್ಕೆ ಕೊಟ್ಟ ಮೀನು ನನ್ನ ಗಂಟಲಲ್ಲಿ ಇಳಿಯಲಿಲ್ಲ. ಆ ಗಂಟಲಿನ ಮೇಲೆಯೇ ಮೊದಲ ಸಲ ಸಿಟ್ಟು ಬಂತು.

ನಾಲ್ಕನೆಯ ದಿನ ಕಾರ್ಖಾನೆಯಿಂದ ರೈಲಿನಲ್ಲಿ ಮರಳುತ್ತಿದ್ದೆವು. ಅಲ್ಲಿ ಸಂಜೆ ಐದು ಗಂಟೆ, ಅಂದರೆ ಊರಿನಲ್ಲಿ ಮಧ್ಯಾಹ್ನ ಒಂದೂವರೆ, ಅಮ್ಮ ಬುಟ್ಟಿ ಇಳಿಸುವ ಹೊತ್ತು. ರಿಂಗ್ ಬೇಡ, ಮಾತಾಡಿಯೇ ಬಿಡುತ್ತೇನೆ ಎಂದು ಫೋನ್ ತೆಗೆದೆ. ಆ ದೇಶದ ರೈಲಿನಲ್ಲಿ ಯಾರೂ ಫೋನಿನಲ್ಲಿ ಮಾತಾಡುವುದಿಲ್ಲ. ಹಿಂದಿನ ದಿನ ಎಲೆಕ್ಟ್ರಿಷಿಯನ್ ಅಣ್ಣನ ಹೆಂಡತಿ ಅಮಾಸೆಬೈಲಿನಲ್ಲಿ ಸಿಗ್ನಲ್ ಸಿಗುವ ಗುಡ್ಡ ಹತ್ತಿ ನಿಂತು ವಿಡಿಯೋದಲ್ಲಿ "ಕೇಂತಿತ್ತಾ?" ಎಂದು ಕೂಗಿದಾಗ ಇಡೀ ಬೋಗಿ ನಮ್ಮನ್ನು ನೋಡಿತ್ತು. ಆದ್ದರಿಂದ ಇಂಜಿನಿಯರ್ ಮುಂದಿನ ಸ್ಟೇಷನ್ನಿನಲ್ಲಿ ನಮ್ಮಿಬ್ಬರನ್ನೂ ಕೈ ಹಿಡಿದು ಇಳಿಸಿದರು.

ಪ್ಲಾಟ್‌ಫಾರಂ ಮೇಲೆ ನಿಂತು ಕರೆ ಮಾಡಿದೆ. ರಿಂಗ್ ಹೋಗುತ್ತಲೇ ಇತ್ತು. ಕೊನೆಗೆ ಎತ್ತಿದಳು.

"ಯಾರದ್?"

"ಅಮ್ಮಾ, ನಾನ್ ಮಾತಾಡುದ್."

"ನಾನ್ ಅಂದ್ರೆ ಯಾರ್?"

"ನಿನ್ನ ಮಗ. ನಾನ್ ಚೆನ್ನಾಗಿದ್ದೆ. ನೀನ್ ಉಂಡ್ಯಾ?"

"ನಮ್ ಮಾಣಿ ಇಷ್ಟ್ ಮರ್ಯಾದಿಯಗೆ ಯಾವತ್ತ್ ಮಾತಾಡಿದ್ದ? ನೀ ಬೇರೆ ಮನಿ ಕಾಣ್."

ನೆಟ್ಟಿನ ಕರೆಯಾದ್ದರಿಂದ ಒಂದು ಕ್ಷಣ ತಡವಾಗಿ ನನ್ನ ದನಿ ನನಗೇ ವಾಪಸು ಕೇಳುತ್ತಿತ್ತು. 'ನಿನ್ನ ಮಗ. ನಾನ್ ಚೆನ್ನಾಗಿದ್ದೆ.' ಯಾರೋ ಶಿಸ್ತಿನ ಹುಡುಗ, ಎಲ್ಲಿಯವನೋ. ಸತ್ಯ ಹೇಳಬೇಕೆಂದರೆ ನನಗೇ ನಂಬಿಕೆ ಬರಲಿಲ್ಲ. ಊರಿನವರೆಲ್ಲರ ದನಿ ಇಟ್ಟುಕೊಂಡವನ ಸ್ವಂತ ದನಿಯನ್ನು ಅಮ್ಮ ಕೇಳಿದ್ದಾದರೂ ಯಾವಾಗ?

"ಇಡ್ತೆ," ಎಂದಳು ಅಮ್ಮ.

ಇಟ್ಟರೆ ಮತ್ತೆ ಎತ್ತುವವಳಲ್ಲ. ನಾನು ಚೀಲ ಕೆಳಗೆ ಹಾಕಿದೆ. ಎಡಗೈ ಸೊಂಟಕ್ಕಿಟ್ಟೆ. ಉಸಿರು ಎಳೆದು, ನಮ್ಮ ಕೇರಿಯ ಎಂಟು ಮನೆಗೆ ಕೇಳುವ ಅಮ್ಮನ ದನಿಯನ್ನೇ ತೆಗೆದೆ.

"ಹ್ವಾಯ್! ಮೀನಿನ ಕಿವಿ ಎಷ್ಟ್ ಸಲ ಎತ್ತಿ ಕಾಂತ್ರಿ? ಅದೇನ್ ನೀವ್ ಸೊಸೆ ಮಾಡ್ಕಂಬ ಹೆಣ್ಣಾ? ಬೆಳಿಗ್ಗೆ ನಾನೇ ತಿಂದ್ ಬಂದ ಮೀನ್ ಇದ್! ಬ್ಯಾಡ್ದಿರೆ ಬಿಡಿ, ಬೆಕ್ಕಿಗೆ ಹಾಕ್ತೆ. ಬೆಕ್ಕಿಗ್ ಮರ್ಯಾದಿ ಇತ್ತ್, ಅದ್ ಚೌಕಾಸಿ ಮಾಡುದಿಲ್ಲೆ!"

ಇಡೀ ಪ್ಲಾಟ್‌ಫಾರಂ ನಿಂತುಬಿಟ್ಟಿತು. ಬಿಳಿ ಕೈಗವಸು ತೊಟ್ಟ ಸ್ಟೇಷನ್ನಿನವನು ಸೀಟಿಯನ್ನು ಬಾಯಿಯ ಹತ್ತಿರವೇ ಹಿಡಿದು ಮರೆತ. ಸಾಲಿನಲ್ಲಿ ನಿಂತಿದ್ದ, ಕೈಯಲ್ಲಿ ಸೊಪ್ಪಿನ ಚೀಲ ಹಿಡಿದಿದ್ದ ಒಬ್ಬ ಅಜ್ಜಿ ಮಾತ್ರ ನನ್ನ ಸೊಂಟದ ಮೇಲಿನ ಕೈಯನ್ನು ನೋಡಿ, ಎಲ್ಲ ಅರ್ಥವಾದವಳಂತೆ ತಲೆದೂಗಿದಳು. ಎಲೆಕ್ಟ್ರಿಷಿಯನ್ ಅಣ್ಣ ಚಪ್ಪಾಳೆ ತಟ್ಟಿದ. ಮರ್ಯಾದಸ್ಥರಾದ ಇಂಜಿನಿಯರರೂ ಎರಡು ತಟ್ಟಿ, ಆಮೇಲೆ ಕೈಗಳನ್ನು ಜೇಬಿನಲ್ಲಿ ಅಡಗಿಸಿಕೊಂಡರು.

ಫೋನಿನಲ್ಲಿ ನನ್ನದೇ ಕೂಗು ಒಮ್ಮೆ ವಾಪಸು ಬಂದು ಹೋಯಿತು. ಲೈನ್ ಕಡಿಯಿತೇನೋ ಎಂದು ಪರದೆ ನೋಡಿದೆ. ನಾಲ್ಕು ಗೆರೆಯೂ ಗಟ್ಟಿಯಾಗಿ ನಿಂತಿದ್ದವು. ಆಮೇಲೆ ಅಮ್ಮ ಮೂಗು ಒರೆಸಿಕೊಂಡದ್ದು ಕೇಳಿಸಿತು, ಅದರ ಹಿಂದೆಯೇ ಅವಳ ಮಾತು:

"ಹೀಂಗೆ ಬೈಯುಕೆ ಲೋಕದಗೆ ಇಪ್ಪುದ್ ಇಬ್ರೇ. ಒಬ್ಳ್ ನಾನ್, ಇಲ್ಲಿದ್ದೆ. ಹಾಂಗಾರೆ ಅಲ್ಲಿಪ್ಪುದ್ ನೀನೇ. ಇಡ್ ಫೋನ್, ಬುಟ್ಟಿಯಗೆ ನಾಕ್ ಬಂಗ್ಡಿ ಉಳ್ದಿತ್ತ್, ಸಾರ್ ಮಾಡ್ಕ್."