ಸ್ಪೇನ್ ನೋಡದ ಸೌದಾಮಿನಿಗೆ ಸ್ಪೇನಿನ ಬಂದರುಗಳೆಲ್ಲ ಗೊತ್ತು

ಬೆಳಗಿನ ಜಾವ ನಾಲ್ಕು ಗಂಟೆ. ಸನ್ನಿವೇಲ್‌ನ ಈ ಅಂಗಡಿಸಾಲಿನಲ್ಲಿ ದೀಪ ಉರಿಯುತ್ತಿರುವುದು ಎರಡೇ ಕಡೆ. ಒಂದು ಡೋನಟ್ ಅಂಗಡಿ, ಇನ್ನೊಂದು ಜಯರಾಮ್ ಅವರ ಟ್ರಾವೆಲ್ಸ್. ಟ್ರಾವೆಲ್ಸಿನ ಒಳಗೆ ಸ್ವೆಟರಿನ ಮೇಲೆ ಶಾಲು ಹೊದ್ದ ಐವತ್ತೊಂದರ ಸೌದಾಮಿನಿ ಕುಂದರ್, ರಿಸೀವರನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಪೆನ್ಸಿಲ್ ಚೂಪು ಮಾಡುತ್ತಿದ್ದಾರೆ. ಆ ಕಡೆ, ಸ್ಪೇನಿನ ದಕ್ಷಿಣ ತುದಿಯ ಕಾದಿಸ್ ಬಂದರಿನಲ್ಲಿ, ಮಧ್ಯಾಹ್ನ ಒಂದು ಗಂಟೆ.

"ಓಲಾ, ರೆಮೆದಿಯೊಸ್!" ಎನ್ನುತ್ತಾರೆ. ಕಾದಿಸ್‌ನಲ್ಲಿ ಎಂಟು ಕೋಣೆಗಳ ಲಾಡ್ಜು ನಡೆಸುವ ವಿಧವೆ ರೆಮೆದಿಯೊಸ್ ಏನೋ ಹೇಳುತ್ತಾರೆ, ಇಬ್ಬರೂ ನಗುತ್ತಾರೆ. ಆಮೇಲೆ ಸ್ಪ್ಯಾನಿಷ್‌ನಲ್ಲೇ ಪ್ರಶ್ನೆಗಳು ಶುರು. ಮುಂದಿನ ಬೀದಿ ಅಗೆದಿದ್ದರಲ್ಲ, ಮುಚ್ಚಿದರೇ? ಬಿಸಿನೀರು ಸರಿಯಾಗಿ ಬರುತ್ತಿದೆಯೇ? ಗಾಳಿ ಯಾವ ಕಡೆಯಿಂದ? ಐದು ನಿಮಿಷದಲ್ಲಿ ನೋಟುಬುಕ್ಕಿನ ಅರ್ಧ ಪುಟ ತುಂಬುತ್ತದೆ. ಮಾತು ಮುಗಿಸಿ ಮುಂದಿನ ಊರಿಗೆ ಬೆರಳು ಓಡಿಸುತ್ತಾರೆ.

"ಅಲ್ಲಿ ಎರಡು ಗಂಟೆಗೆ ಬಾಗಿಲು ಹಾಕಿ ಊಟಕ್ಕೆ ಹೋಗ್ತಾರೆ. ಮತ್ತೆ ಐದರವರೆಗೆ ಯಾರೂ ಫೋನು ತೆಗೀಲಿಕ್ಕಿಲ್ಲ. ಐದರ ಮೇಲೆ ಗಿರಾಕಿಗಳ ಗಡಿಬಿಡಿ, ಮಾತಿಗೆ ಪುರುಸೊತ್ತಿಲ್ಲ. ನನಗೆ ಸಿಗುವುದು ಈ ಒಂದು ಗಂಟೆ, ಮಾರಾಯ್ರೆ. ಅದಕ್ಕೇ ಮಾರ್ಗನ್ ಹಿಲ್‌ನ ಮನೆಯಿಂದ ಮೂರಕ್ಕೆಲ್ಲ ಹೊರಡುವುದು. ಫ್ರೀವೇ ಖಾಲಿ ಇರ್ತದೆ, ಅದೊಂದು ಸುಖ" ಎನ್ನುತ್ತಾರೆ.

ಸೌದಾಮಿನಿ ಮಲ್ಪೆಯ ಮೊಗವೀರರ ಮನೆಯ ಮಗಳು. ಅಪ್ಪನ ದೋಣಿ ಬರುವ ಹೊತ್ತಿಗೆ ಬುಟ್ಟಿ ಹಿಡಿದು ಬಂದರಿನಲ್ಲಿ ನಿಂತು ಬೆಳೆದವರು. ಗಂಡ ಯತೀಶ್ ಬಸ್ಸಿನ ಮೆಕ್ಯಾನಿಕ್. ಅವರ ಅಕ್ಕ ಕರೆಸಿಕೊಂಡಿದ್ದರಿಂದ ದಂಪತಿ ೧೯೮೯ರಲ್ಲಿ ಇಲ್ಲಿಗೆ ಬಂದರು. ಮಿಲ್ಪಿಟಾಸ್‌ನ ಸರ್ಕ್ಯೂಟ್ ಬೋರ್ಡ್ ಕಾರ್ಖಾನೆಯಲ್ಲಿ ಸೌದಾಮಿನಿಗೆ ಕೆಲಸ ಸಿಕ್ಕಿತು. ಅಕ್ಕಪಕ್ಕದಲ್ಲಿ ಕೂತು ಬೆಸುಗೆ ಹಾಕುತ್ತಿದ್ದವರೆಲ್ಲ ಮೆಕ್ಸಿಕೊದ ಹೆಂಗಸರು.

"ಒಂಬತ್ತು ವರ್ಷ ಅವರ ಮಧ್ಯೆಯೇ. ಇಂಗ್ಲಿಷ್ ಅವರಿಗೂ ಬರುವುದಿಲ್ಲ, ನನಗೂ ಅಷ್ಟಕ್ಕಷ್ಟೆ. ಅಡುಗೆ, ಅತ್ತೆ, ಮಕ್ಕಳು ಅಂತ ಮಾತಾಡ್ತಾ ಮಾತಾಡ್ತಾ ಭಾಷೆ ಬಂತು. ಪುಸ್ತಕ ನೋಡಿ ಕಲಿತದ್ದಲ್ಲ."

ಕಾರ್ಖಾನೆ ಬೇರೆ ದೇಶಕ್ಕೆ ಹೋಯಿತು. ೧೯೯೯ರಲ್ಲಿ ಅವರು ಸ್ಯಾನ್ ಹೋಸೆಯ ಒಂದು ಇಂಟರ್ನೆಟ್ ಕಂಪನಿಗೆ ಟೈಪು ಮಾಡಲು ಸೇರಿದರು. ಸ್ಪೇನಿನ ಕರಾವಳಿ ಊರುಗಳಲ್ಲಿ ಸಣ್ಣ ಲಾಡ್ಜುಗಳನ್ನು ಕಂಪ್ಯೂಟರಿನಲ್ಲೇ ಕಾಯ್ದಿರಿಸಿ ಕೊಡುವ ಕಂಪನಿ ಅದು. ಒಂದು ದಿನ ವೀಗೊ ಬಂದರಿನಿಂದ ಯಾರೋ ಫೋನು ಮಾಡಿ ಸ್ಪ್ಯಾನಿಷ್‌ನಲ್ಲಿ ಕೂಗಾಡುತ್ತಿದ್ದರು. ಆಫೀಸಿನಲ್ಲಿ ಒಬ್ಬರಿಗೂ ಅರ್ಥವಾಗಲಿಲ್ಲ. ಸೌದಾಮಿನಿ ಎದ್ದು ಹೋಗಿ ರಿಸೀವರು ಇಸಿದುಕೊಂಡರು. ಮರುದಿನದಿಂದ ಟೈಪಿಂಗು ಬಿಟ್ಟು ಫೋನಿನ ಮುಂದೆ ಕೂತರು.

ನಲವತ್ತಾರು ಊರು, ಮುನ್ನೂರ ಹತ್ತು ಲಾಡ್ಜು, ದಿನಕ್ಕೆ ಇಪ್ಪತ್ತು ಫೋನು. ಕೋಣೆ ಇದೆಯೇ ಎಂದಷ್ಟೇ ಕೇಳಿ ಸೌದಾಮಿನಿ ಸುಮ್ಮನಾಗುತ್ತಿರಲಿಲ್ಲ. ಅಲ್ಹೆಸಿರಾಸ್‌ನಲ್ಲಿ 'ಲೆವಾಂತೆ' ಎದ್ದರೆ ಫೆರ್ರಿ ನಿಲ್ಲುತ್ತದೆಂದು ಮೊದಲು ಪಟ್ಟಿಗೆ ಸೇರಿಸಿದವರು ಅವರೇ. "ಲೆವಾಂತೆ ಅಂದ್ರೆ ಮೂಡುಗಾಳಿ. ಮೂಡುಗಾಳಿ ಎಂತದು ಅಂತ ನನಗೆ ಬೇರೆಯವರು ಹೇಳಿಕೊಡಬೇಕಾ?"

೨೦೦೦ದ ಅಕ್ಟೋಬರಿನಲ್ಲಿ ಕಂಪನಿಗೆ ಹಣ ಹಾಕುವವರು ಬರುವವರಿದ್ದರು. ಮುನ್ನೂರ ಹತ್ತು ಲಾಡ್ಜುಗಳ ಮುಂದೆಯೂ 'ಪರಿಶೀಲಿಸಿದೆ' ಎಂಬ ಹಸಿರು ಗುರುತು ಒಂದು ವಾರದೊಳಗೆ ಬೀಳಬೇಕೆಂದು ಮೇಲಿನಿಂದ ಹುಕುಂ ಆಯಿತು. ಅದನ್ನು ತಲುಪಿಸಿದವರು ಮ್ಯಾನೇಜರ್ ಕಾವ್ಯಾ, ಹಾಸನ ಕಡೆಯ ಇಪ್ಪತ್ತೇಳರ ಹುಡುಗಿ.

"ಆಂಟಿ, ಎಲ್ಲರಿಗೂ ಕಾಲ್ ಮಾಡ್ತಾ ಕೂತ್ರೆ ಆಗಲ್ಲ. ಟಿಕ್ ಹಾಕ್ಬಿಡಿ, ಆಮೇಲೆ ನಿಧಾನಕ್ಕೆ ಚೆಕ್ ಮಾಡೋಣ."

"ಮಾತಾಡದೆ ಹೇಗೆ ಹಾಕುವುದು, ಮಗಾ?"

"ಮೀಟಿಂಗು ಮುಗಿಯೋವರೆಗೂ ಅಷ್ಟೇ ಆಂಟಿ."

"ಮೀಟಿಂಗಿಗೆ ಬಂದವರು ಅಲ್ಲಿ ಹೋಗಿ ಮಲಗುವುದಿಲ್ಲ. ಮಲಗುವವರು ಬೇರೆ ಇದ್ದಾರಲ್ಲ."

ಆ ವಾರ ಮೂರು ಗಂಟೆಗೇ ಬಂದು ಕೂತರೂ ಅವರಿಗೆ ಮುಟ್ಟಲು ಸಾಧ್ಯವಾದದ್ದು ನೂರ ಹನ್ನೆರಡು. ಅಷ್ಟಕ್ಕೆ ಮಾತ್ರ ಗುರುತು ಹಾಕಿದರು. ಉಳಿದದ್ದಕ್ಕೆ ಬೇರೆ ಯಾರೋ ಹಾಕಿದರು. ಸೌದಾಮಿನಿಯನ್ನು ಪೂರ್ಣಾವಧಿಯಿಂದ ಅರ್ಧ ದಿನಕ್ಕೆ ಇಳಿಸಲಾಯಿತು.

ಜನವರಿಯಲ್ಲಿ ಡ್ಯಾನ್‌ವಿಲ್ ಊರಿನ ತಾಯಿ ಮಗಳು ಈ ಕಂಪನಿಯಲ್ಲಿ ಕೋಣೆ ಕಾಯ್ದಿರಿಸಿ ಸ್ಪೇನಿನ ವಾಯವ್ಯ ಮೂಲೆಯ ಬಂದರು ಲಾ ಕೊರುನ್ಯಕ್ಕೆ ಹೋದರು. ತಾಯಿಗೆ ಎಪ್ಪತ್ತೆರಡು. ಹಸಿರು ಗುರುತಿದ್ದ ಲಾಡ್ಜಿನ ಮುಂದೆ ಮಳೆಯಲ್ಲಿ ಇಳಿದರೆ ಬಾಗಿಲಿಗೆ ಹಲಗೆ ಹೊಡೆದಿತ್ತು. ಯಜಮಾನ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಊರು ಗೊತ್ತಿಲ್ಲ, ಭಾಷೆ ಬಾರದು. ಇಬ್ಬರೂ ಬೆಳಗಾಗುವವರೆಗೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತರು. ತಾಯಿ ಜ್ವರ ಹಿಡಿದು ಮರಳಿದರು. ಅವರ ದೂರಿನ ಪತ್ರ ಮೇಜಿನಿಂದ ಮೇಜಿಗೆ ತಿರುಗಿ ಕೊನೆಗೆ ಸೌದಾಮಿನಿಯ ಮೇಜಿಗೆ ಬಂತು.

ಅದನ್ನು ಅವರು ಮನೆಗೆ ಒಯ್ದರು. ಕಾಲೇಜಿಗೆ ಹೋಗುವ ಮಗಳು ನೀತಾ ಓದಿ, "ಅಮ್ಮ, ಇಟ್ಸ್ ನಾಟ್ ಯುವರ್ ಫಾಲ್ಟ್" ಎಂದಳು.

"ಫಾಲ್ಟು ನನ್ನದಲ್ಲ, ಗೊತ್ತುಂಟು. ಆದರೆ ಫೋನು ಮಾಡಿದ್ದರೆ ಗೊತ್ತಾಗ್ತಿತ್ತು. ಮಾಡುವ ಕೆಲಸ ನನ್ನದೇ ಅಲ್ವಾ?"

ಮರುದಿನ ಡ್ಯಾನ್‌ವಿಲ್‌ಗೆ ಫೋನು ಮಾಡಿ ಆ ತಾಯಿಯ ಕ್ಷಮೆ ಕೇಳಿದರು. ಕಂಪನಿಯಲ್ಲಿ ನೀವು ಯಾರೆಂದು ಅವರು ವಿಚಾರಿಸಿದರಂತೆ. "ಎಂತ ಹೇಳುವುದು? ಫೋನು ಮಾಡುವವಳು ಅಂದೆ. ಅವರು ಥ್ಯಾಂಕ್ಸ್ ಹೇಳಿ ಇಟ್ಟರು."

ಹಣ ಹಾಕುವವರು ಕೈ ಎತ್ತಿದರು. ಮಾರ್ಚಿನ ಒಂದು ಶುಕ್ರವಾರ ಎಲ್ಲರಿಗೂ ಒಂದೊಂದು ರಟ್ಟಿನ ಪೆಟ್ಟಿಗೆ ಕೊಟ್ಟು, ಮಧ್ಯಾಹ್ನದೊಳಗೆ ಮೇಜು ಖಾಲಿ ಮಾಡಲು ಹೇಳಿದರು. ಸೌದಾಮಿನಿ ತಮ್ಮ ಏಳು ನೋಟುಬುಕ್ಕುಗಳನ್ನು ಜೋಡಿಸುತ್ತಿದ್ದಾಗ ಕಾವ್ಯಾ ಬಂದು ಕೆಲವು ಹಾಳೆಗಳನ್ನು ಪೆಟ್ಟಿಗೆಯೊಳಗೆ ಇಟ್ಟರು. ಕೋಣೆ ಕಾಯ್ದಿರಿಸಿ ಇನ್ನೂ ಹೊರಡದೇ ಇದ್ದ ನಲವತ್ತೊಂದು ತಂಡಗಳ ಪಟ್ಟಿ ಅದು.

"ನಿಮ್ಮ ಹತ್ರ ಇರ್ಲಿ ಆಂಟಿ. ಸೋಮವಾರ ಸರ್ವರ್ ಆಫ್ ಆಗತ್ತೆ. ಇವರನ್ನ ಯಾರೂ ಕೇಳಲ್ಲ." ಹೊರಡುವಾಗ ಸೇರಿಸಿದರು: "ಅಕ್ಟೋಬರಲ್ಲಿ ನಿಮ್ಮ ಮಾತು ಕೇಳ್ಬೇಕಿತ್ತು."

ಆ ಸಂಜೆ ಯತೀಶ್ ಇಂಡಿಯನ್ ಗ್ರೋಸರಿಯಿಂದ ಸ್ಪೇನಿಗೆ ಮಾತಾಡಲು ಒಂದು ಕಟ್ಟು ಫೋನು ಕಾರ್ಡು ತಂದು ಊಟದ ಮೇಜಿನ ಮೇಲಿಟ್ಟರು. "ನಾನು ಕೇಳಿರಲಿಲ್ಲ. ಇವಳು ಸುಮ್ಮನೆ ಕೂರುವವಳಲ್ಲ ಅಂತ ಅವರಿಗೆ ಗೊತ್ತುಂಟು" ಎಂದು ಸೌದಾಮಿನಿ ನೆನೆಯುತ್ತಾರೆ.

ನಾಲ್ಕು ಬೆಳಗು ಅಡುಗೆಮನೆಯ ಗೋಡೆಯ ಫೋನಿನ ಪಕ್ಕ ನಿಂತೇ ಮಾತಾಡಿದರು. ಕಂಪನಿ ಮುಚ್ಚಿದೆ, ಹಣಕ್ಕೆ ನಾನು ಹೊಣೆಯಲ್ಲ, ಬರುವವರು ಅಲ್ಲೇ ಕೊಡುತ್ತಾರೆ, ಕೋಣೆ ಮಾತ್ರ ಬಿಟ್ಟುಕೊಡಬೇಡಿ ಎಂದು ಒಬ್ಬೊಬ್ಬ ಲಾಡ್ಜಿನವರಿಗೂ ಹೇಳಿದರು. ಸಂಜೆ ಹೊತ್ತು ಪಟ್ಟಿಯಲ್ಲಿದ್ದ ತಂಡಗಳಿಗೂ ಫೋನು ಮಾಡಿ ವಿಷಯ ತಿಳಿಸಿದರು. ಕಂಪನಿಯ ಹೆಸರು ಕೇಳಿ ಮಾಲಗದ ಒಬ್ಬ ಬೈದು ಫೋನು ಕುಕ್ಕಿದ. ಹೆಚ್ಚಿನವರು ದನಿಯಲ್ಲೇ ಗುರುತು ಹಿಡಿದರು. ರೆಮೆದಿಯೊಸ್ ಅಂತೂ ತಮ್ಮ ಬಂಧುಬಳಗಕ್ಕೆಲ್ಲ ಹೇಳಿ ಮೂರು ತಂಡಗಳಿಗೆ ಬೇರೆ ಮನೆ ಹುಡುಕಿದರು. ಮೂವತ್ತಾರು ತಂಡಗಳ ಕೋಣೆ ಇದ್ದಲ್ಲೇ ಉಳಿಯಿತು. ಇನ್ನೆರಡು ತಂಡದವರು ಸೌದಾಮಿನಿಗೆ ಸಿಗಲೇ ಇಲ್ಲ. ಅವರು ಹೋದರೋ, ಹೋಗಿ ಏನಾದರೋ ಎಂದು ಈಗಲೂ ಯೋಚಿಸುತ್ತಾರೆ.

ನಲವತ್ತೊಂದರಲ್ಲಿ ಒಂದು ತಂಡ ಜಯರಾಮ್ ಅವರ ಬಳಿ ವಿಮಾನದ ಟಿಕೆಟ್ ಕೊಂಡಿತ್ತು. ಮುಚ್ಚಿದ ಕಂಪನಿಯ ಹೆಂಗಸೊಬ್ಬರು ಫೋನು ಮಾಡಿ ಕೋಣೆ ಉಳಿಸಿಕೊಟ್ಟರೆಂದು ಆ ತಂಡದವರು ಬಂದು ಹೇಳಿದರು. ಜಯರಾಮ್ ನಂಬರು ಹುಡುಕಿ ಕರೆದರು. ಮೇ ತಿಂಗಳಿಂದ ಸೌದಾಮಿನಿ ಇಲ್ಲಿದ್ದಾರೆ. "ಇವರು ಬಂದ್ಮೇಲೆ ಒಂದು ಕಂಪ್ಲೇಂಟೂ ಇಲ್ಲ. ಫೋನು ಬಿಲ್ಲು ನೋಡಿದ್ರೆ ಎದೆ ಧಸಕ್ ಅನ್ನತ್ತೆ, ಅದು ಬೇರೆ ವಿಷ್ಯ" ಎಂದು ಜಯರಾಮ್ ನಗುತ್ತಾರೆ.

ಸ್ಪೇನಿಗೆ ಹೋಗಬೇಕೆನಿಸುವುದಿಲ್ಲವೇ ಎಂದರೆ, ನೀತಾಳ ಕಾಲೇಜು ಮುಗಿಯಲಿ ಎನ್ನುತ್ತಾರೆ. ಅದಕ್ಕೆ ಅವಸರವಿಲ್ಲ. ಸದ್ಯಕ್ಕೆ ಅವರ ಮನಸ್ಸಿನಲ್ಲಿರುವುದು ಗ್ರಾಹಕರ ಕೈಗೆ ಕೊಡುವ ಚೀಟಿ. ಅದರ ಕೆಳಗೆ 'ಸೌದಾಮಿನಿ ಪರಿಶೀಲಿಸಿದ್ದಾರೆ' ಎಂದು ಅಚ್ಚು ಹಾಕಿಸೋಣವೆಂದು ಜಯರಾಮ್ ಕಳೆದ ವಾರ ಕೇಳಿದರು. ಸೌದಾಮಿನಿ ಬೇಡವೆಂದರು.

"ನನ್ನ ಹೆಸರು ಕಟ್ಟಿಕೊಂಡು ಅವರಿಗೆ ಎಂತ ಆಗಬೇಕು? ನಾನು ಯಾವ ದಿನ ಫೋನು ಮಾಡಿ ಕೇಳಿದೆ ಅಂತ ತಾರೀಕು ಹಾಕಿ. ಅವತ್ತು ಅಲ್ಲಿ ದೀಪ ಉಂಟು, ನೀರುಂಟು, ಬಾಗಿಲು ತೆಗೆಯುವ ಜನ ಉಂಟು. ಅಷ್ಟು ನಾನು ಹೇಳಬಲ್ಲೆ."